ನಾಲ್ಕನೇ ಪ್ಲೇಟಿನ ಹೆಣ್ಣು ದನಿ

“ಇನ್ನೊಮ್ಮೆ ಹಾಕು,” ಎಂದರು ಪುಷ್ಪಾವತಿ.

“ಆತ್ಯಾ, ಪಾಂಚ್ ಬಾರ್ ಹೋ ಗಯಾ,” ಎಂದು ಗೊಣಗಿದಳು ಮಾನಸಿ. ಗೊಣಗುತ್ತಲೇ ರೆಕಾರ್ಡ್ ಮೆಷಿನ್ನಿನ ಮುಳ್ಳನ್ನೆತ್ತಿ ನಾಲ್ಕನೇ ಪ್ಲೇಟಿನ ಒಳಸುತ್ತಿನ ಮೇಲೆ ಇಟ್ಟಳು.

ಮೊದಲು ಯಂತ್ರದ ಗುಂಯ್ ಎನ್ನುವ ಶ್ರುತಿ. ಅದರ ಮೇಲೆ ಜಾಗಟೆಯ ಏಟು. ಒಂದು, ಎರಡು, ಮೂರು. ಮೂರನೆಯ ಏಟಿನ ಗುಂಗು ಆರುವ ಮೊದಲೇ ಅದಕ್ಕೆ ಅಂಟಿಕೊಂಡು ಒಂದು ಹೆಣ್ಣು ದನಿ. ಅರ್ಧ ಉಸಿರಿನಷ್ಟು ಮಾತು, ಅಷ್ಟಕ್ಕೇ ಕಡಿದುಹೋಗುತ್ತಿತ್ತು.

“ಏ ಚೆನ್ನ...”

ಮತ್ತೆ ಮೂರು ಏಟು, ಮತ್ತೆ ಅದೇ ದನಿ. ಇಡೀ ಹಾಡಿನಲ್ಲಿ ಹನ್ನೊಂದು ಸಲ.

ಪ್ಲೇಟುಗಳ ಪೆಟ್ಟಿಗೆಯ ಜೊತೆ ಬಂದ ನಲವತ್ತೆಂಟು ಪುಟದ ಪುಸ್ತಕದಲ್ಲಿ ಈ ಹಾಡಿನ ಬಗ್ಗೆ ಮೂರು ಸಾಲು ಇದ್ದವು. ‘ಇದುವರೆಗೆ ಬೆಳಕು ಕಾಣದ ರಚನೆ. 2003ರಲ್ಲಿ ನೆರೂಳಿನ ನನ್ನ ಸ್ಟುಡಿಯೋದಲ್ಲಿ ಒಂದೇ ಬೈಠಕ್ಕಿನಲ್ಲಿ ಹುಟ್ಟಿತು. ಇದರ ನಿಗೂಢ ಸ್ತ್ರೀ ಸ್ವರವನ್ನು ಕೇಳುಗರೇ ಅನುಭವಿಸಬೇಕು.’ ಕೆಳಗೆ ಸಂಗೀತ ನಿರ್ದೇಶಕ ಮಧ್ವೇಶರ ಸಹಿ.

ನಿಗೂಢವಂತೆ. ಪುಷ್ಪಾವತಿಗೆ ಮೈಯೆಲ್ಲ ಉರಿದುಹೋಯಿತು. ಆ ದನಿ ಅವರದೇ.

ಈ ಪೆಟ್ಟಿಗೆ ಡೊಂಬಿವಲಿಯ ಅವರ ಮನೆಗೆ ಬಂದದ್ದು, ಬಿಡುಗಡೆಗೆ ಮೊದಲೇ ತರಿಸಿಕೊಂಡ ಮಾನಸಿಯಿಂದ. ಭೂತದ ಪಿಕ್ಚರು, ಡಕಾಯಿತರ ಪಿಕ್ಚರು, ಹಿಂದಿ, ಕನ್ನಡ, ಎಲ್ಲಕ್ಕೂ ಕೀಬೋರ್ಡ್ ಯಂತ್ರಗಳಿಂದಲೇ ಸಂಗೀತ ಮಾಡಿದ ಮಧ್ವೇಶರ ನಲವತ್ತು ವರ್ಷದ ಆಯ್ದ ಕೆಲಸ ನಾಲ್ಕು ಪ್ಲೇಟುಗಳಲ್ಲಿ ಬಂದಿತ್ತು. ನಾಳೆ ವಾಶಿಯಲ್ಲಿ ದೊಡ್ಡ ಬಿಡುಗಡೆ. ಆ ನಲವತ್ತು ವರ್ಷದಲ್ಲಿ ಹನ್ನೊಂದು ವರ್ಷ ಆ ಯಂತ್ರಗಳ ಮುಂದೆ ಕೂತು ಸ್ವರ ಹುಟ್ಟಿಸಿದವನು ಮಾನಸಿಯ ಅಪ್ಪ, ಪುಷ್ಪಾವತಿಯ ತಮ್ಮ ಚೆನ್ನಯ. ನಲವತ್ತೆಂಟು ಪುಟದಲ್ಲಿ ಅವನ ಹೆಸರು ಒಂದು ಕಡೆಯೂ ಇರಲಿಲ್ಲ.

“ಪಪ್ಪಾ ಕಾ ನಾಮ್ ಚಾಹಿಯೇ, ಬಸ್,” ಎಂದಿದ್ದಳು ಮಾನಸಿ ಹೋದ ವಾರ. ಠಾಣೆಯಿಂದ ಪನ್ವೇಲ್‌ವರೆಗೆ ಊರಿನವರ ಮನೆಗಳಲ್ಲಿ ಮದುವೆಗೆ ಮೊದಲು ಹುಡುಗನ ಪೂರ್ವಾಪರ ವಿಚಾರಿಸಿಕೊಡುವುದು ಪುಷ್ಪಾವತಿಯ ಕಸುಬು. ಎಂಥೆಂಥವರ ಗುಟ್ಟು ಹೊರಗೆಳೆದವರಿಗೆ ಒಂದು ಹೆಸರು ಅಚ್ಚು ಹಾಕಿಸುವುದು ಯಾವ ದೊಡ್ಡ ಕೆಲಸ ಎಂದು ಒಪ್ಪಿಕೊಂಡಿದ್ದರು.

ಈಗ ಅದು ಹೆಸರಿನ ಪ್ರಶ್ನೆಯಾಗಿ ಉಳಿಯಲಿಲ್ಲ.

“ಬಂದ್ ಮಾಡು. ಇಲ್ಲಿ ಕೂತ್ಕೋ,” ಎಂದರು. “ನಿನ್ನಪ್ಪ ಹೋದ ದಿನದ ಕತೆ ನಿನಗೆ ಗೊತ್ತುಂಟಲ್ಲ?”

“ಟ್ರೇನ್ ಸೇ ಗಿರೇ. ದಿವಾ ಸ್ಟೇಷನ್ ಕೇ ಪಾಸ್.”

“ಯಾಕೆ ಬಿದ್ದ ಅಂತ ಹೇಳ್ತಾರೆ?”

ಮಾನಸಿ ಮುಖ ತಿರುಗಿಸಿದಳು. ಆ ಮಾತು ಅವಳಿಗೆ ಎಂದೂ ಸೇರುತ್ತಿರಲಿಲ್ಲ. “ಶನಿದೇವ್ ಗುಸ್ಸಾ ಹೋ ಗಯೇ. ಆಪ್ ಲೋಗೋಂ ಕೀ ಬಾತ್.”

ಹೌದು, ಅದೇ ಮಾತು. ಇಪ್ಪತ್ತಾರು ವರ್ಷದ ಹಿಂದೆ, ಶ್ರಾವಣದ ಒಂದು ಶನಿವಾರ. ಡೊಂಬಿವಲಿಯ ಹಾಲ್‌ನಲ್ಲಿ ಊರಿನವರ ಸಮಿತಿಯ ಶನಿ ಪೂಜೆ, ಗ್ರಂಥ ಪಾರಾಯಣ. ಮುಂದಿನ ಪಿಕ್ಚರಿನಿಂದ ಪರದೆಯ ಮೇಲೆ ನಿನ್ನ ಹೆಸರೂ ಹಾಕಿಸುತ್ತೇನೆ ಎಂದು ಮಧ್ವೇಶರು ಕೊನೆಗೂ ಮಾತು ಕೊಟ್ಟಿದ್ದರೆಂದು ಚೆನ್ನಯ ಹೊತ್ತಿದ್ದ ಹರಕೆ ತೀರಿಸುವುದಿತ್ತು. ಉಡುಪಿಯಲ್ಲಿ ಮಾಡಿಸಿದ ಹೊಸ ಕಂಚಿನ ಜಾಗಟೆ ಬೆಳಗಿನ ಬಸ್ಸಿನಲ್ಲಿ ಬಂದು ಇಳಿದಿತ್ತು.

ಹರಕೆಯ ವಸ್ತುವನ್ನು ದೇವರಿಗೆ ಒಪ್ಪಿಸುವ ಮೊದಲು ಬಳಸಬಾರದು. ಯಾವ ಮಗುವಿಗೂ ಗೊತ್ತಿರುವ ವಿಷಯ. ಚೆನ್ನಯ ಕೇಳಬೇಕಲ್ಲ. ಅಕ್ಕನ ಮನೆಯಲ್ಲೇ ಯಂತ್ರ ಹಚ್ಚಿ, ಮೈಕು ಎದುರಿಗಿಟ್ಟು, ಮೂರು ಏಟು ಬಾರಿಸಿ, ಆ ಸದ್ದನ್ನು ತನ್ನ ಯಂತ್ರದೊಳಗೆ ತುಂಬಿಕೊಂಡಿದ್ದ. ಅಡುಗೆ ಮನೆಯಿಂದ ಓಡಿ ಬಂದ ಪುಷ್ಪಾವತಿ ಮನೆಯ ತುಳುವಿನಲ್ಲಿ ಗದರಿದ್ದರು: “ಏ ಚೆನ್ನಯಾ, ಬೊಡ್ಚಿ.” ಬೇಡ ಎಂದದ್ದು ಅಷ್ಟೇ. ಅವನು ನಕ್ಕು ಮೈಕು ಆರಿಸಿದ್ದ. ಒಂದು ಗಂಟೆಯೊಳಗೆ ಆ ಮೂರು ಏಟಿನ ಮೇಲೆ ಒಂದು ರಾಗ ಕಟ್ಟಿ, ಕ್ಯಾಸೆಟ್ಟಿಗೆ ಇಳಿಸಿ, ನೀಲಿ ಕ್ಯಾನ್ವಾಸ್ ಚೀಲಕ್ಕೆ ಹಾಕಿಕೊಂಡು ಹನ್ನೊಂದೂವರೆಯ ಫಾಸ್ಟ್ ಲೋಕಲ್ ರೈಲು ಹಿಡಿಯಲು ಇಳಿದುಹೋಗಿದ್ದ.

ಅವನ ಹೆಂಡತಿ ಅಕ್ಕು ಹಾಲ್‌ನಲ್ಲಿ ತರಕಾರಿ ಹೆಚ್ಚುತ್ತಿದ್ದಳು. ಪುಷ್ಪಾವತಿಯ ಯಜಮಾನ, ಸಮಿತಿಯ ಅಧ್ಯಕ್ಷ ಜಯಶೀಲ, ಹೂ ತರಲು ಕಲ್ಯಾಣಕ್ಕೆ ಹೋಗಿದ್ದರು. ಚೀಲ ಹೆಗಲಿಗೇರಿಸಿಕೊಂಡು ಹೋದವನನ್ನು ಮನೆಯ ಮುಂದಿನ ಗ್ಯಾಲರಿಯಿಂದ ನೋಡಿದವರು ಪುಷ್ಪಾವತಿ ಒಬ್ಬರೇ. ಸಂಜೆ ಹೆಣ ಸಿಕ್ಕಿತು. ಚೀಲ ಸಿಗಲಿಲ್ಲ.

ಒಪ್ಪಿಸುವ ಮೊದಲೇ ಬಡಿದ, ಅದಕ್ಕೇ ಹೀಗಾಯಿತು ಎಂದು ಮೊದಲು ಹೇಳಿದವರು ಜಯಶೀಲರು. ಆಮೇಲೆ ಇಡೀ ಸಮಿತಿ ಹೇಳಿತು. ಪುಷ್ಪಾವತಿಯೂ ನಂಬಿದರು. ದೇವರ ಮೇಲೆ ಯಾರಾದರೂ ಪೊಲೀಸ್ ಕಂಪ್ಲೇಂಟ್ ಕೊಡುತ್ತಾರೆಯೇ?

“ನೋಡು ಮಾನಸಿ, ಆ ಕಾಲದ ಮೆಷಿನ್ ಸ್ವಿಚ್ ಆರಿಸಿದ್ರೆ ಒಳಗಿದ್ದ ಸ್ವರ ಎಲ್ಲ ಅಳಿಸಿ ಹೋಗ್ತಿತ್ತು. ಆ ಮೂರು ಏಟು, ನನ್ನ ಈ ಬೈಗಳು, ಉಳಿದದ್ದು ಒಂದೇ ಕ್ಯಾಸೆಟ್‌ನಲ್ಲಿ. ಕ್ಯಾಸೆಟ್ ಇದ್ದದ್ದು ಅವನ ಚೀಲದಲ್ಲಿ. ಹಾಗಾದ್ರೆ ಈ ಪ್ಲೇಟಿಗೆ ಎಲ್ಲಿಂದ ಬಂತು?”

ಮಾನಸಿ ಪ್ಲೇಟಿನ ಕಡೆ ತಿರುಗಿದಳು. “ಜಿಸ್‌ನೇ ಬ್ಯಾಗ್ ಲಿಯಾ...”

“ಅವನೇ. ದೇವರೂ ಅಲ್ಲ, ದಿಂಡರೂ ಅಲ್ಲ.” ಪುಷ್ಪಾವತಿ ಪೆಟ್ಟಿಗೆಯ ಮುಚ್ಚಳ ಬಡಿದು ಹಾಕಿದರು. ದುಃಖ ಇರಲಿಲ್ಲ, ಬರೀ ಸಿಟ್ಟು. ಇಪ್ಪತ್ತಾರು ವರ್ಷ ಪ್ರತಿ ಶನಿವಾರ ಆ ಜಾಗಟೆಯ ಮುಂದೆ ನಿಂತು ತಪ್ಪಾಯಿತು, ತಪ್ಪಾಯಿತು ಎಂದು ಗಲ್ಲ ಬಡಿದುಕೊಂಡಿದ್ದರು. ಕೊಂದವನು ಎಲ್ಲೋ ಕೂತು ಸುಖವಾಗಿ ಊಟ ಮಾಡಿಕೊಂಡಿದ್ದ. “ಯಾರೇ ಆಗ್ಲಿ, ನಿನ್ನ ಎದುರು ತಂದು ನಿಲ್ಲಿಸ್ತೇನೆ. ಅವನ ವಯಸ್ಸು ನೋಡುವುದಿಲ್ಲ, ಹೆಸರು ನೋಡುವುದಿಲ್ಲ.”

“ಪ್ರಾಮಿಸ್?”

“ನಿನ್ನಪ್ಪನಾಣೆ.”

ಅಡುಗೆ ಮನೆಯ ಬಾಗಿಲಲ್ಲಿ ಅಕ್ಕು ನಿಂತಿದ್ದಳು. ಗಂಡ ಹೋದ ಮೇಲೆ ಎರಡು ವರ್ಷದ ಕೂಸನ್ನು ಎತ್ತಿಕೊಂಡು ಬಂದವಳು ಆ ಮನೆಯವಳೇ ಆಗಿದ್ದಳು. ಕೈಯಲ್ಲಿ ಸೌಟು ಹಿಡಿದು, ಯಾರ ಮುಖವನ್ನೂ ನೋಡದೆ ಹೇಳಿದಳು:

“ಸಾಕು ಮಾಡಿ ಅತ್ತಿಗೆ. ಹೋದವರು ತಿರುಗಿ ಬರ್ತಾರಾ? ಆ ಹಾಡು ಇನ್ನು ಈ ಮನೆಯಲ್ಲಿ ಹಾಕ್ಬೇಡಿ.”

ಪಾಪ, ಅವಳ ಸಂಕಟ ಅವಳಿಗೆ ಎಂದುಕೊಂಡರು ಪುಷ್ಪಾವತಿ. ಹೆಗಲಿಗೆ ಪರ್ಸ್ ಏರಿಸಿ ಮಾನಸಿಯ ಜೊತೆ ಹೊರಟರು. ಸಿಟ್ಟಿನ ಭರದಲ್ಲಿ ಪ್ಲೇಟನ್ನು ಹಾಗೇ ಬಿಟ್ಟು ಬಂದದ್ದು ಇಬ್ಬರಿಗೂ ನೆನಪಾಗಲಿಲ್ಲ.

ಠಾಣೆಯಲ್ಲಿ ಇಳಿದು, ಪನ್ವೇಲ್ ಗಾಡಿ ಹಿಡಿದು, ನೆರೂಳ್ ತಲುಪಿದಾಗ ಎರಡು ಗಂಟೆ. ಸರ್ ಊಟ ಮಾಡಿ ಮಲಗಿದ್ದಾರೆ, ನಾಲ್ಕಕ್ಕೆ ಬನ್ನಿ ಎಂದ ಮಧ್ವೇಶರ ಬಿಲ್ಡಿಂಗಿನ ವಾಚ್‌ಮನ್. ಪುಷ್ಪಾವತಿ ಗೇಟಿನ ಎದುರಿನ ಕಟ್ಟೆಯ ಮೇಲೆ ಎರಡು ಗಂಟೆ ಕೂತರು. ಮಾನಸಿ ವಡಾ ಪಾವ್ ತಂದಳು. ಪುಷ್ಪಾವತಿ ಅದನ್ನು ಪೊಟ್ಟಣದಲ್ಲೇ ಬಿಟ್ಟರು.

*

ಹದಿನಾಲ್ಕನೇ ಮಾಳಿಗೆ. ಹಾಲ್‌ನ ಎರಡು ಗೋಡೆಗೂ ಹಳೇ ಕೀಬೋರ್ಡ್‌ಗಳು, ಒಂದರ ಮೇಲೊಂದು, ಬಿಳಿ ಬಟ್ಟೆ ಹೊದ್ದು ಕೂತಿದ್ದವು. ಎಪ್ಪತ್ತೆಂಟರ ಮಧ್ವೇಶರು ಜರಿ ಪಂಚೆಯಲ್ಲಿ ಬಂದು ಸೋಫಾದಲ್ಲಿ ಕೂತರು. ನಾಳೆಯ ಸಮಾರಂಭಕ್ಕೆ ಗಡ್ಡ ತಿದ್ದಿಸಿಕೊಂಡಿದ್ದರು.

“ಚೆನ್ನಯನ ಅಕ್ಕನಾ? ಬನ್ನಿ, ಬನ್ನಿ. ಎಷ್ಟು ವರ್ಷ ಆಯ್ತು. ಒಳ್ಳೇ ಹುಡುಗ, ಪಾಪ. ಇವಳು ಮಗಳಾ? ಹೆಸರಿನ ವಿಷಯ ನಮ್ಮ ಕಂಪೆನಿಯವರು ಹೇಳಿದ್ರು. ಎರಡನೇ ಮುದ್ರಣದಲ್ಲಿ ನೋಡುವ.”

“ಹೆಸರು ಇರ್ಲಿ ಮಾಸ್ಟ್ರೇ. ನಾಲ್ಕನೇ ಪ್ಲೇಟಿನ ಕೊನೇ ಹಾಡು ಭಾರೀ ಲಾಯ್ಕುಂಟು.”

ಮುದುಕರ ಮುಖ ಅರಳಿತು. “ನಿಮಗೂ ಹಿಡಿಸಿತಾ? ಎಲ್ಲರೂ ಅದನ್ನೇ ಕೇಳ್ತಾರೆ.”

“ಜಾಗಟೆ ಎಲ್ಲಿಯದು?”

“ಇಲ್ಲೇ ನೆರೂಳಿನ ಒಂದು ದೇವಸ್ಥಾನದ್ದು.”

“ಹೆಣ್ಣು ದನಿ?”

“ಕೋರಸ್‌ನ ಒಬ್ಬಳು ಹುಡುಗಿ. ಹೆಸರು ಈಗ ಬಾಯಿಗೆ ಬರುವುದಿಲ್ಲ. ತುಂಬಾ ಕಷ್ಟಪಟ್ಟು ಆ ಎಫೆಕ್ಟ್ ತೆಗೆದದ್ದು.”

ಪುಷ್ಪಾವತಿ ಸೆರಗು ಸರಿಮಾಡಿಕೊಂಡರು. ಹುಡುಗನ ಮನೆಯವರು ಸುಳ್ಳು ಹೇಳುವಾಗ ಹೀಗೇ ಬೇಡದ ಒಂದು ಮಾತು ಜಾಸ್ತಿ ಹೇಳುತ್ತಾರೆ. ಅದನ್ನು ಅವರು ನೂರು ಮನೆಗಳಲ್ಲಿ ನೋಡಿದ್ದರು. ಒಮ್ಮೆ ಉಸಿರೆಳೆದುಕೊಂಡರು. ಆಮೇಲೆ, ಅಡುಗೆ ಮನೆಯಿಂದ ತಮ್ಮನನ್ನು ಗದರುವ ಅದೇ ದನಿಯಲ್ಲಿ ಹೇಳಿದರು:

“ಏ ಚೆನ್ನಯಾ, ಬೊಡ್ಚಿ.”

ಮಧ್ವೇಶರು ಚಟ್ಟನೆ ತಲೆ ಎತ್ತಿ ಅವರ ಬಾಯನ್ನೇ ನೋಡಿದರು. ಮನುಷ್ಯ ಏನೇ ಆಗಿರಲಿ, ಕಿವಿ ಮಾತ್ರ ಅಪ್ಪಟ. ಸಾವಿರ ಸ್ವರಗಳಲ್ಲಿ ಒಂದನ್ನು ಹೆಕ್ಕಿ ತೆಗೆಯುವ ಆ ಕಿವಿಗೆ ಅರವತ್ತೊಂದರ ಹೆಂಗಸಿನ ಗಂಟಲಲ್ಲಿ ಮೂವತ್ತೈದರ ದನಿ ಸಿಕ್ಕಿಬಿಟ್ಟಿತು.

“ನೀವಾ ಅದು?” ಎಂದರು, ಪಿಸುಗುಟ್ಟಿದ ಹಾಗೆ.

“ನಾನೇ. ಯಾವತ್ತಿನದು ಗೊತ್ತುಂಟಾ? ಅವನು ಸತ್ತ ದಿನ ಬೆಳಿಗ್ಗೆ ಹತ್ತು ಗಂಟೆಯದು. ನಿಮ್ಮ 2003 ಬರ್ಲಿಕ್ಕೆ ಇನ್ನೂ ಐದು ವರ್ಷ ಇತ್ತು. ಅವನ ಕ್ಯಾಸೆಟ್ ನಿಮಗೆ ಎಲ್ಲಿ ಸಿಕ್ಕಿತು ಮಾಸ್ಟ್ರೇ?”

“ನೋಡಿ, ನೀವು ತಪ್ಪು ತಿಳ್ಕೊಂಡಿದ್ದೀರಿ.”

“ಹೆಸರು ಹಾಕಿಸ್ತೇನೆ ಅಂತ ಮಾತು ಕೊಟ್ಟದ್ದು ನೀವು. ಹಾಕಿಸದಿದ್ರೆ ಕೆಲಸ ಬಿಡ್ತೇನೆ ಅಂತ ಅವನು ಹಟ ಹಿಡಿದಿದ್ದ. ಅವನು ಬಿಟ್ರೆ ಈ ಮೆಷಿನ್‌ಗಳಲ್ಲಿ ಒಂದನ್ನಾದ್ರೂ ನಿಮಗೆ ಸ್ವಂತ ನುಡಿಸ್ಲಿಕ್ಕೆ ಬರ್ತಿತ್ತಾ? ಬಾಯಿ ಬಿಡಿ. ಇಲ್ಲದಿದ್ರೆ ನಾಳೆ ವಾಶಿಯ ಸ್ಟೇಜಿಗೆ ನಾನೇ ಹತ್ತುತ್ತೇನೆ. ನಮ್ಮೂರಿನ ಮುನ್ನೂರು ಜನರ ಎದುರು ಆ ಹಾಡು ಹಾಕಿಸಿ, ಆ ದನಿ ಬಂದಾಗ ಎದ್ದು ನಿಂತು ನಾನೂ ಅದನ್ನೇ ಹೇಳ್ತೇನೆ. ನಿಮ್ಮ ನಲವತ್ತು ವರ್ಷ ಅಲ್ಲೇ ಮುಗೀತದೆ.”

ಹೇಳುವಾಗ ಅವರಿಗೆ ಒಂಥರಾ ಖುಷಿಯಾಯಿತು. ಆ ಖುಷಿಗೆ ನಾಚಿಕೆಯೂ ಆಗಲಿಲ್ಲ.

ಮಧ್ವೇಶರು ಗೋಡೆ ಹಿಡಿದುಕೊಂಡು ಎದ್ದರು. ಒಳಗೆ ಕಪಾಟು ತೆರೆದ ಸದ್ದು ಕೇಳಿಸಿತು. ತಿರುಗಿ ಬಂದಾಗ ಅವರ ಕೈಯಲ್ಲಿ ನೀಲಿ ಕ್ಯಾನ್ವಾಸ್ ಚೀಲ ಇತ್ತು. ಬದಿಯ ಝಿಪ್ಪು ಕಿತ್ತುಹೋದಲ್ಲಿ ಪುಷ್ಪಾವತಿಯೇ ಚುಚ್ಚಿಕೊಟ್ಟ ಎರಡು ಸೇಫ್ಟಿ ಪಿನ್ನುಗಳು ತುಕ್ಕು ಹಿಡಿದಿದ್ದವು.

ಕೈ ಚಾಚಿದ ಪುಷ್ಪಾವತಿ ಮುಟ್ಟಲಾರದೆ ಹಾಗೇ ಕೂತರು. ತೆಗೆದುಕೊಂಡವಳು ಮಾನಸಿ. ಒಳಗೆ ಒಂದು ಕ್ಯಾಸೆಟ್ಟು, ಒಂದು ಕರವಸ್ತ್ರ, ಒಂದು ರೈಲಿನ ಪಾಸು. ಪಾಸಿನ ಫೋಟೋದಲ್ಲಿದ್ದ ಹುಡುಗ ಅವಳಿಗಿಂತ ನಾಲ್ಕೇ ವರ್ಷ ದೊಡ್ಡವನು. ಅವಳು ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡುತ್ತಲೇ ಇದ್ದಳು.

“ಆ ಶನಿವಾರ ನಾನು ಮದ್ರಾಸಿನಲ್ಲಿದ್ದೆ,” ಎಂದರು ಮಧ್ವೇಶರು. “ನಂಬದಿದ್ರೆ ಇದೇ ಪುಸ್ತಕದ ಇಪ್ಪತ್ತನೇ ಪುಟದಲ್ಲಿ ಆ ದಿನ ಅಲ್ಲಿ ನಡೆದ ಪಿಕ್ಚರಿನ ಮುಹೂರ್ತದ ಪೂಜೆಯ ಫೋಟೋ ಉಂಟು, ತಾರೀಖಿನ ಸಮೇತ. ಚೀಲ ನನ್ನ ಹತ್ರ ಬಂದದ್ದು ಅವನು ಹೋಗಿ ಒಂದು ತಿಂಗಳಾದ ಮೇಲೆ. ತಂದವರು ಒಂದೇ ಮಾತು ಹೇಳಿದ್ರು. ಇದನ್ನು ಸುಟ್ಟುಬಿಡಿ, ನನ್ನ ಕೈಯಲ್ಲಿ ಆಗುವುದಿಲ್ಲ ಅಂತ.”

“ಸುಟ್ಟಿರಾ?”

“ಹೇಗೆ ಸುಡುವುದು? ಒಮ್ಮೆ ಹಾಕಿ ಕೇಳಿದೆ. ಅಂಥ ರಾಗ ನನ್ನ ಇಡೀ ಜನ್ಮದಲ್ಲಿ ನನಗೆ ಹೊಳೆಯಲಿಲ್ಲ.” ಮುದುಕರ ಕಣ್ಣಲ್ಲಿ ನೀರು ಬಂತು. “ಕದ್ದದ್ದು ಹೌದು. ಕೊಂದದ್ದು ನಾನಲ್ಲ.”

ಪುಷ್ಪಾವತಿಗೆ ಆ ನೀರು ನೋಡಿ ಕನಿಕರ ಹುಟ್ಟಲಿಲ್ಲ. “ತಂದವರು ಯಾರು?”

ಮಧ್ವೇಶರು ಮಾನಸಿಯ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದರು. “ಈ ಹುಡುಗಿ ಸ್ವಲ್ಪ ಹೊರಗೆ ಹೋಗ್ಲಿ.”

“ನಾನು ಹೋಗುದಿಲ್ಲ,” ಎಂದಳು ಮಾನಸಿ. ಹುಟ್ಟಿದಂದಿನಿಂದ ಕನ್ನಡ ಕೇಳಿ ಹಿಂದಿಯಲ್ಲಿ ಉತ್ತರ ಕೊಡುವವಳು. “ಯಾರು, ಹೇಳಿ.”

“ನಿನ್ನ ಅಮ್ಮ.”

ಪುಷ್ಪಾವತಿಗೆ ಮೊದಲು ಏನೂ ಅರ್ಥವಾಗಲಿಲ್ಲ. ಹಾಲ್‌ನಲ್ಲಿ ತರಕಾರಿ ಹೆಚ್ಚುತ್ತಿದ್ದೆ ಎಂದ ಅಕ್ಕು. ಚೆನ್ನಯನ ಮಾತೆತ್ತಿದಾಗಲೆಲ್ಲ ಬಿಟ್ಟುಬಿಡಿ ಅತ್ತಿಗೆ ಎಂದ ಅಕ್ಕು. ಒಂದೇ ತಟ್ಟೆಯಲ್ಲಿ ಉಂಡು, ಒಂದೇ ಕೋಣೆಯಲ್ಲಿ ಅತ್ತವಳು. ಆಗ ಒಳಗೆ ಏನೋ ಭಗ್ಗೆಂದು ಹೊತ್ತಿತು. ಎದುರಿನ ಈ ಮುದುಕನ ಮೇಲಿದ್ದ ಸಿಟ್ಟಿನ ಹತ್ತು ಪಾಲು ಸಿಟ್ಟು.

ಅವರು ಬಾಯಿ ತೆರೆಯುವ ಮೊದಲೇ ಮಾನಸಿ ಫೋನ್ ಹಚ್ಚಿದ್ದಳು. ಸ್ಪೀಕರ್ ಒತ್ತಿ ಟೀಪಾಯಿಯ ಮೇಲಿಟ್ಟಳು.

“ಮಮ್ಮಿ, ಪಪ್ಪಾ ಕಾ ಬ್ಯಾಗ್ ಮೇರೇ ಹಾಥ್ ಮೇ ಹೈ. ನೀನು ಕೊಟ್ಟದ್ದಾ?”

ಆ ಕಡೆ ಸೌಟು ಕೆಳಗಿಟ್ಟ ಸದ್ದು.

“ಅತ್ತಿಗೆ ಅಲ್ಲಿದ್ದಾರಾ?” ಎಂದಳು ಅಕ್ಕು.

“ಇದ್ದೇನೆ,” ಎಂದರು ಪುಷ್ಪಾವತಿ. “ಅವತ್ತು ಆ ರೈಲಿನಲ್ಲಿ ನೀನಿದ್ದಿಯಾ ಅಕ್ಕು?”

“ಇಲ್ಲ.”

“ಮತ್ತೆ ಚೀಲ ನಿನಗೆ ಎಲ್ಲಿ ಸಿಕ್ಕಿತು? ಸುಳ್ಳು ಹೇಳಿದ್ರೆ ನಿನ್ನನ್ನು ಈ ಜನ್ಮದಲ್ಲಿ ಬಿಡುದಿಲ್ಲ.”

“ನಿಮ್ಮ ಮನೆಯ ಅಟ್ಟದಲ್ಲಿ.” ಅಕ್ಕು ಅಳುತ್ತಿರಲಿಲ್ಲ. ಅಳುವುದೆಲ್ಲ ಮುಗಿದು ಎಷ್ಟೋ ಕಾಲವಾದವಳ ಹಾಗೆ ಮಾತಾಡಿದಳು. “ಮಾನಸಿಯ ತೊಟ್ಟಿಲು ಇಳಿಸ್ಲಿಕ್ಕೆ ಹತ್ತಿದ್ದೆ. ಹಿಂದುಗಡೆ ಗೋಣಿಯಲ್ಲಿ ಸುತ್ತಿ ಇಟ್ಟಿತ್ತು. ಇವರು ಹೋದಾಗ ಆ ಮನೆಯಲ್ಲಿ ಇದ್ದದ್ದು ನೀವಿಬ್ಬರೇ ಅತ್ತಿಗೆ. ಇಟ್ಟದ್ದು ನೀವಾ, ಭಾವನವರಾ ಅಂತ ನನಗೆ ಇವತ್ತಿನವರೆಗೂ ಗೊತ್ತಿಲ್ಲ. ಕೇಳಿದ್ರೆ ಕೂಸನ್ನು ಕಟ್ಟಿಕೊಂಡು ನಾನು ಎಲ್ಲಿಗೆ ಹೋಗಬೇಕಿತ್ತು? ನಿಮ್ಮಿಬ್ಬರಿಗೂ ಅನ್ನ ಬಡಿಸಿಕೊಂಡು ಬಂದೆ.”

ಚೀಲವನ್ನು ಪುಷ್ಪಾವತಿ ಇಟ್ಟಿರಲಿಲ್ಲ. ಹಾಗಾದರೆ ಉಳಿದವರು ಒಬ್ಬರೇ. ಹೂ ತರಲು ಕಲ್ಯಾಣಕ್ಕೆ ಹೋದವರು. ಶನಿದೇವರ ಮುನಿಸು ಎಂದು ಮೊದಲು ಬಾಯಿ ಬಿಟ್ಟವರು. ಇಂದು ಬೆಳಿಗ್ಗೆಯೂ ಅವರ ಅಂಗಿಗೆ ಗುಂಡಿ ಹೊಲಿದುಕೊಟ್ಟು ಕಳಿಸಿದ್ದರು.

ಮಾನಸಿ ಅವರನ್ನೇ ನೋಡುತ್ತಿದ್ದಳು.

“ಅಕ್ಕು,” ಎಂದರು ಪುಷ್ಪಾವತಿ. “ಅವರು ಈಗ ಎಲ್ಲಿದ್ದಾರೆ?”

“ಮಧ್ಯಾಹ್ನ ಊಟಕ್ಕೆ ಬಂದಿದ್ರು. ಮೆಷಿನ್ ಮೇಲೆ ಪ್ಲೇಟು ನೋಡಿ ಹಾಕಿದ್ರು. ನಿಮ್ಮ ದನಿ ಬಂತಲ್ಲ, ತಟ್ಟೆ ಅಲ್ಲೇ ಬಿಟ್ಟು ಎದ್ದರು. ಪೆಟ್ಟಿಗೆಯ ಹಿಂದೆ ಬರೆದ ಮಾಸ್ಟ್ರ ವಿಳಾಸ ಓದಿದ್ರು. ಚಪ್ಪಲಿ ಮೆಟ್ಟಿಕೊಳ್ಳುವಾಗ ಎಲ್ಲಿಗೆ ಭಾವ ಅಂತ ಕೇಳಿದೆ. ನೆರೂಳಿಗೆ ಅಂದ್ರು. ಹೊರಟು ಎರಡು ಗಂಟೆಯಾಯ್ತು ಅತ್ತಿಗೆ.”

ಬಾಗಿಲ ಬೆಲ್ ಆಯಿತು.

ಮಧ್ವೇಶರು ಗಾಬರಿಯಿಂದ ಏಳಲು ಹೋದರು. ಪುಷ್ಪಾವತಿ ಅವರ ಭುಜ ಒತ್ತಿ ಕೂರಿಸಿದರು. ನೀಲಿ ಚೀಲವನ್ನು ಮಾನಸಿಯ ಮಡಿಲಿಂದ ತೆಗೆದುಕೊಂಡು, ಚೆನ್ನಯ ಹಾಕಿಕೊಳ್ಳುತ್ತಿದ್ದ ಹಾಗೇ ಎಡ ಹೆಗಲಿಗೆ ಏರಿಸಿದರು.

“ನೀವು ಕೂತ್ಕೊಳ್ಳಿ ಮಾಸ್ಟ್ರೇ,” ಎಂದರು. “ನಮ್ಮ ಯಜಮಾನ್ರು. ಯಾಕೆ ಕೊಂದದ್ದು ಅಂತ ಅವರೇ ಹೇಳ್ಲಿ. ನಾನೇ ತೆಗೀತೇನೆ.”